ಕಾಳಿನ ಕೋಣೆಯಲ್ಲಿ ಡೆನ್ಮಾರ್ಕಿನ ರಾಜರು

ನನ್ನದು ಅನುಮಾನದ ಸ್ವಭಾವ, ಮುಚ್ಚಿಡುವುದಿಲ್ಲ. ತವರು ಕಿತ್ತೂರು. ಅಲ್ಲಿನ ಅರಸ ಸಾಯುವ ಮುಂಚೆ ಮಾಡಿಕೊಂಡ ದತ್ತಕದ ಸಹಿ ಖರೆಯೋ ಖೊಟ್ಟಿಯೋ ಎಂದು ಧಾರವಾಡದ ಸಾಹೇಬ ತಕರಾರು ತೆಗೆದದ್ದಕ್ಕೇ ಯುದ್ಧ ಆಗಿಹೋದ ಊರು ಅದು. ಮದುವೆಯಾಗಿ ಬೈಲಹೊಂಗಲಕ್ಕೆ ಬಂದೆ, ಕೆಲಸ ಸಿಕ್ಕಿದ್ದು ನೋಂದಣಿ ಕಚೇರಿಯಲ್ಲಿ. ಮೂವತ್ತು ವರ್ಷ ಜನರ ಸಹಿ, ಹೆಬ್ಬೆಟ್ಟು ತಾಳೆ ನೋಡಿದ್ದೇ ನೋಡಿದ್ದು. ಇನ್ನು ನಂಬಿಕೆ ಎಲ್ಲಿಂದ ಬರಬೇಕು? ಹಾಲಿನವನು ತಾನಾಗಿ ಒಂದು ಗುಟುಕು ಹೆಚ್ಚು ಹಾಕಿದರೆ, ಇವತ್ತು ನೀರು ಜಾಸ್ತಿ ಬೆರೆಸಿದ್ದಾನೆ ಎಂದುಕೊಳ್ಳುವವಳು ನಾನು.

ಅಂಥವಳ ಮನೆಯಲ್ಲಿ, ಐದು ತಿಂಗಳ ಬಸುರಿ ಸೊಸೆ ದಿನಾ ಸಂಜೆ ಸಾಲೆಯಿಂದ ಬಂದು, ಚಹಾ ಕುಡಿದು, ಕಾಳಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರೆ ನಾನು ಸುಮ್ಮನಿರಬೇಕೇ? ಕಾಳಿನ ಕೋಣೆ ಎಂದರೆ ಜೋಳ, ಕಡಲೆ ಚೀಲಗಳನ್ನು ಒಟ್ಟುವ ಕೋಣೆ. ಕಿಟಕಿಯಿಲ್ಲ, ಫ್ಯಾನಿಲ್ಲ. ಅಲ್ಲಿ ಒಬ್ಬಳೇ ಕೂತು ಸಣ್ಣ ದನಿಯಲ್ಲಿ ಮಾತಾಡುತ್ತಿದ್ದಳು. ಎರಡು ದಿನ ಬಾಗಿಲಿನ ಮುಂದೆ ಮೆಣಸಿನಕಾಯಿ ತೊಟ್ಟು ಮುರಿಯುವ ನೆಪ ಮಾಡಿದೆ. ಮೂರನೆಯ ದಿನ ಕಿವಿಯನ್ನೇ ಬಾಗಿಲಿಗೆ ಹಚ್ಚಿದೆ.

"ಆ ಹೆಂಗಸು ಸಾಯುವವರೆಗೂ ಅವಳಿಗೆ ಬಿಡುಗಡೆ ಸಿಗಲಿಲ್ಲ" ಎನ್ನುತ್ತಿದ್ದಳು ಸೊಸೆ, ಅಚ್ಚ ಪುಸ್ತಕದ ಕನ್ನಡದಲ್ಲಿ.

ನಮ್ಮ ಮನೆಯಲ್ಲಿ ಇರುವವರು ಮೂರೇ ಜನ: ಮಗ, ಸೊಸೆ, ನಾನು. ಸಾಯಬೇಕಾದ ಹೆಂಗಸು ಯಾರು ಎಂದು ಬಹಳ ಯೋಚಿಸಬೇಕಾಗಲಿಲ್ಲ. ಬಾಗಿಲು ದೂಡಿಯೇ ಬಿಟ್ಟೆ.

"ಯಾರ ಸಾಯಬೇಕಾಗೇತಿ?"

"ಅಯ್ಯ, ಡೆನ್ಮಾರ್ಕಿನ ರಾಣೀರಿ ಅತ್ತಿ!" ಎಂದು ಎದೆ ಮೇಲೆ ಕೈ ಇಟ್ಟುಕೊಂಡಳು. "ಅಂಜಿಸಿಬಿಟ್ರಲ್ಲ. ಬರ್ರಿ, ಕುಂತ್ರಿ."

ವಿಷಯ ಹೀಗಿತ್ತು. ಅವಳ ತವರು ರಾಮದುರ್ಗ. ಅಲ್ಲಿನ ಅವಳ ಕಾಲೇಜಿನ ಗೆಳತಿಯೊಬ್ಬಳು ಫೋನಿನಲ್ಲಿ ಇತಿಹಾಸದ ಚಾನೆಲ್ ನಡೆಸುತ್ತಾಳೆ. ಇತಿಹಾಸದಲ್ಲಿ ಎಂ.ಎ. ಮಾಡಿ ಖಾಸಗಿ ಸಾಲೆಯಲ್ಲಿ ಪಾಠ ಹೇಳುವ ನನ್ನ ಸೊಸೆ ಅದಕ್ಕೆ ಕಥೆ ಬರೆದು, ಓದಿ, ರೆಕಾರ್ಡ್ ಮಾಡಿ ಕಳಿಸುತ್ತಾಳೆ. ಕಾಳಿನ ಚೀಲಗಳು ಸುತ್ತಲೂ ಇದ್ದರೆ ದನಿ ಗೋಡೆಗೆ ಬಡಿದು ಗುಂಯ್‌ಗುಡುವುದಿಲ್ಲವಂತೆ. ಈ ಸಲದ ಕಂತುಗಳು ಡೆನ್ಮಾರ್ಕಿನ ರಾಜಮನೆತನ ಮತ್ತು ಸರದಾರರ ಬಗ್ಗೆ.

"ನಮ್ಮಲ್ಲೇನ ರಾಜರು ಕಡಿಮಿ ಬಿದ್ದಾರ?" ಎಂದೆ.

"ನಮ್ಮ ರಾಜರ ಬಗ್ಗೆ ಒಂದ ಮಾತ ಆಡಿದ್ರ ಹತ್ತ ಮಂದಿ ಜಗಳಕ್ಕ ಬರತಾರ್ರಿ. ಡೆನ್ಮಾರ್ಕಿನವ್ರ ಪರವಾಗಿ ಬೈಲಹೊಂಗಲದಾಗ ಯಾರ ಬರತಾರ?"

ಉತ್ತರ ಸರಿಯಾಗಿತ್ತು. ಸರಿಯಾದ ಉತ್ತರ ಥಟ್ಟನೆ ಬಂದರೆ ನನಗೆ ಇನ್ನಷ್ಟು ಅನುಮಾನ. ಮರುದಿನದಿಂದ ನಾನೂ ಒಂದು ಕಡಲೆ ಚೀಲದ ಮೇಲೆ ಕೂತು ಕೇಳತೊಡಗಿದೆ. ಕೆಮ್ಮಬಾರದು, ಬಳೆ ಆಡಿಸಬಾರದು ಎಂಬ ಕರಾರಿನ ಮೇಲೆ.

ಬಾಗಿಲಿಗೆ ಕಿವಿ ಹಚ್ಚಿ ಕೇಳಿದ್ದ ಆ ಬಿಡುಗಡೆಯ ಕಥೆ ಪೂರ್ತಿ ಕೇಳಿದ ಮೇಲೆ ನನಗೂ ಸಿಟ್ಟು ಬಂತು. ಅವಳು ರಾಜನ ಮಗಳು. ಅಣ್ಣ ಪಟ್ಟಕ್ಕೆ ಬಂದಮೇಲೆ, ಗಂಡ ಮಾಡಿದ ರಾಜದ್ರೋಹದ ನೆಪದಲ್ಲಿ ಅವಳನ್ನು ಇಪ್ಪತ್ತೆರಡು ವರ್ಷ ಗೋಪುರದಲ್ಲಿ ಕೂಡಿಹಾಕಿದರು. ಒಳಗಿಂದ ಹಗೆ ಸಾಧಿಸಿದವಳು ಅಣ್ಣನ ಹೆಂಡತಿ, ಅಂದರೆ ಸ್ವಂತ ವೈನಿ. ವೈನಿ ಸತ್ತ ಮೇಲೆಯೇ ಬಾಗಿಲು ತೆರೆದದ್ದು. ಒಬ್ಬ ಸರದಾರ ದ್ವಂದ್ವಯುದ್ಧದಲ್ಲಿ ಮೂಗು ಕತ್ತರಿಸಿಕೊಂಡು, ಲೋಹದ ಮೂಗು ಅಂಟಿಸಿಕೊಂಡು ಜೀವನವಿಡೀ ನಕ್ಷತ್ರ ಎಣಿಸಿದನಂತೆ. ಇನ್ನೊಬ್ಬ ರಾಜ, ಸಾವಿರ ವರ್ಷದ ಹಿಂದಿನವನು, ಹಲ್ಲು ನೀಲಿಯಾಗಿತ್ತು ಎಂದು ಜನ ಅವನನ್ನು ಹಾಗೇ ಕರೆದರು. ಈಗ ಫೋನಿನಲ್ಲಿರುವ ಬ್ಲೂಟೂತಿಗೆ ಆ ಹಲ್ಲಿನ ಹೆಸರೇ ಎಂದಾಗ ನಾನು ನಂಬಲಿಲ್ಲ. ಎಲೆಯಡಿಕೆ ಹಾಕುತ್ತಿದ್ದನೇನೋ ಎಂದು ಕೇಳಿದೆ. ಅವಳು ನಕ್ಕಿದ್ದಕ್ಕೆ ರೆಕಾರ್ಡ್ ಕೆಟ್ಟುಹೋಯಿತು.

ಮೂರು ರಾಜ್ಯಗಳನ್ನು ಒಂದು ಮಾಡಿ ಆಳಿದ ರಾಣಿಯ ಕಥೆ ಮಾತ್ರ ನನ್ನ ಮನಸ್ಸಿಗೆ ಹಿಡಿಸಿತು. ಅವಳ ಒಬ್ಬನೇ ಮಗ ಹದಿನೇಳಕ್ಕೆ ತೀರಿಕೊಂಡ. ಹದಿನೈದು ವರ್ಷದ ಮೇಲೆ ಪರದೇಶದಲ್ಲಿ ಒಬ್ಬ ಎದ್ದು ನಿಂತು, ನಾನೇ ಆ ಮಗ ಎಂದ. ಹಿಡಿದು ತಂದು ವಿಚಾರಿಸಿದರೆ ತಾಯಿನುಡಿಯೇ ಬರುತ್ತಿರಲಿಲ್ಲ! ಸುಟ್ಟುಹಾಕಿದರು. ಸುಡುವುದು ಅತಿಯಾಯಿತು, ಆದರೆ ವಿಚಾರಣೆ ಸರಿಯಾಗಿತ್ತು. ನಮ್ಮ ಕಚೇರಿಗೆ ಬಂದಿದ್ದರೂ ನಾನು ಮೊದಲು ಅದನ್ನೇ ಕೇಳುತ್ತಿದ್ದೆ. ಇನ್ನು ಮೊನ್ನೆ ಮೊನ್ನೆ ಒಬ್ಬ ರಾಣಿ ತಾನಾಗಿಯೇ ಪಟ್ಟ ಬಿಟ್ಟು ಮಗನಿಗೆ ಕೊಟ್ಟಳು ಎಂದು ಓದಿದಾಗ, ಸೊಸೆ ನನ್ನ ಕಡೆ ನೋಡಿದಂತಾಯಿತು. ನನ್ನ ಸೊಂಟದಲ್ಲಿದ್ದ ಕೀಲಿಕೈ ಗೊಂಚಲು ಮುಟ್ಟಿ ನೋಡಿಕೊಂಡೆ.

ಇದೆಲ್ಲ ಮೇಲುಮೇಲಿನ ಮಾತು. ನನ್ನ ಒಳಗಿನ ಸಂಕಟ ಬೇರೆಯಿತ್ತು.

ನಮ್ಮವರು ತೀರಿಕೊಂಡು ಆರು ವರ್ಷವಾಗಿತ್ತು. ನಮ್ಮ ಮನೆತನದಲ್ಲಿ ಹೋದವರ ಹೆಸರು ಮೊದಲ ಗಂಡು ಮೊಮ್ಮಗನಿಗೆ ಬರಬೇಕು. ನಮ್ಮವರಿಗೂ ಅವರ ಅಜ್ಜನ ಹೆಸರೇ. ಆ ಹೆಸರು ಮನೆಯಲ್ಲಿ ಮತ್ತೆ ಓಡಾಡುವುದನ್ನು ಕಣ್ಣಾರೆ ಕಾಣಬೇಕೆಂಬುದು ಬಿಟ್ಟರೆ ನನಗೆ ಬೇರೆ ಆಸೆ ಉಳಿದಿರಲಿಲ್ಲ. ಆದರೆ ಈಗಿನ ಮಕ್ಕಳ ಹೆಸರು ಕೇಳಿದ್ದೀರಲ್ಲ? ಎರಡಕ್ಷರ, ಅರ್ಥ ಕೇಳಿದರೆ ಇಟ್ಟವರಿಗೇ ಗೊತ್ತಿರುವುದಿಲ್ಲ. ಸೊಸೆಯ ಮುಂದೆ ಎರಡು ಸಲ ಮಾತು ತೆಗೆದೆ. ಎರಡು ಸಲವೂ "ನೋಡೋಣಂತರಿ ಅತ್ತಿ" ಎಂದಳು. ಗೊಬ್ಬರದ ಅಂಗಡಿ ನೋಡಿಕೊಳ್ಳುವ ನನ್ನ ಮಗನನ್ನು ಕೇಳಿದರೆ, "ನೀವಿಬ್ಬರೂ ಮಾತಾಡ್ಕೋರಿ ಯವ್ವಾ" ಎಂದು ಚಪ್ಪಲಿ ಮೆಟ್ಟಿದ. ಮೂವತ್ತು ವರ್ಷ ಕಾಗದಪತ್ರ ನೋಡಿದವಳು ನಾನು. ನೋಡೋಣ ಎಂದವರು ಸಹಿ ಹಾಕುವುದಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತು.

ಒಂದು ಸಂಜೆ ಅವಳು ಓದಿದಳು: ಐನೂರು ವರ್ಷದಿಂದ ಡೆನ್ಮಾರ್ಕಿನ ರಾಜರಿಗೆ ಎರಡೇ ಹೆಸರು. ಅಪ್ಪನಿಗೆ ಒಂದು, ಮಗನಿಗೆ ಇನ್ನೊಂದು, ಮೊಮ್ಮಗನಿಗೆ ಮತ್ತೆ ಅಜ್ಜನದು. ನಡುವೆ ಒಬ್ಬ ರಾಣಿ ಬಂದು ಹೋದಳು, ಅಷ್ಟೇ. ನನಗೆ ಕುಣಿಯುವಷ್ಟು ಖುಷಿ.

"ನೋಡಿದೇನ? ಅಷ್ಟ ದೊಡ್ಡವರ ಅಜ್ಜನ ಹೆಸರ ಬಿಟ್ಟಿಲ್ಲ."

ಅವಳು ಫೋನು ಬಂದ್ ಮಾಡಿ, ಸಂಬಂಧವೇ ಇಲ್ಲದ ಪ್ರಶ್ನೆ ಕೇಳಿದಳು. "ಅತ್ತಿ, ಮಾವಾರನ್ನ ಅವರ ಅವ್ವ ಏನಂತ ಕರೀತಿದ್ರು?"

"ಅಜ್ಜಪ್ಪ ಅಂತಿದ್ರು. ಮಾವನ ಹೆಸರ ಸೊಸಿ ಹೆಂಗ ಅಂದಾಳು?"

ಅದನ್ನು ಅವಳು ವಹಿಯಲ್ಲಿ ಬರೆದುಕೊಂಡಳು. ಯಾಕೆ ಬರೆದುಕೊಳ್ಳಬೇಕು? ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಮರುದಿನ ಅವಳು ಸಾಲೆಗೆ ಹೋದಾಗ, ರೊಟ್ಟಿ ಬಡಿಯುವುದನ್ನು ಅರ್ಧಕ್ಕೆ ಬಿಟ್ಟು, ಕಾಳಿನ ಕೋಣೆಗೆ ನುಗ್ಗಿ ಆ ವಹಿ ತೆರೆದೆ. ರಾಜರು, ರಾಣಿಯರು, ಸರದಾರರು, ಇಸವಿಗಳು. ಕೊನೆಯ ಪುಟದಲ್ಲಿ ಏಳು ಹೆಸರು, ಎಲ್ಲ ಚಿಕ್ಕ ಚಿಕ್ಕವು. ಕೆಲವಕ್ಕೆ ಗೀಟು, ಕೆಲವಕ್ಕೆ ಪ್ರಶ್ನೆ ಚಿಹ್ನೆ. ನಮ್ಮವರ ಹೆಸರು ಅದರಲ್ಲಿ ಇರಲಿಲ್ಲ. ಎರಡು ಸಲ ಓದಿದೆ. ಇರಲಿಲ್ಲ.

ಹೆಂಚಿನ ಮೇಲಿನ ರೊಟ್ಟಿ ಕರಕಾಗಿತ್ತು. ಏಳನೆಯ ತಿಂಗಳಲ್ಲಿ ಕುಬಸ ಮಾಡಿ, ನಗುನಗುತ್ತ ತವರಿಗೆ ಕಳಿಸಿಕೊಟ್ಟೆ. ನನ್ನ ನಗುವನ್ನು ಆಗ ಯಾರಾದರೂ ಪರೀಕ್ಷೆ ಮಾಡಿದ್ದರೆ ಖೊಟ್ಟಿ ಎಂದು ಬರೆದುಕೊಡುತ್ತಿದ್ದರು.

ಗಂಡು ಹುಟ್ಟಿತು. ಹದಿಮೂರನೆಯ ದಿನ ತೊಟ್ಟಿಲಲ್ಲಿ ಹಾಕುವ ಕಾರ್ಯ. ಕುಂಚಿಗೆ, ಬೆಳ್ಳಿ ಕಡಗ ತೆಗೆದುಕೊಂಡು ಮಗನ ಜೊತೆ ಬಾಡಿಗೆ ಕಾರಿನಲ್ಲಿ ಹೊರಟೆ. ಮುನವಳ್ಳಿಯಲ್ಲಿ ಮಗಳನ್ನು ಹತ್ತಿಸಿಕೊಂಡೆವು. ಕೂಸಿನ ಕಿವಿಯಲ್ಲಿ "ಕುರ್ರ್" ಎಂದು ಮೊದಲು ಹೆಸರು ಹೇಳುವ ಹಕ್ಕು ಸೋದರತ್ತೆಯದು, ಅಂದರೆ ನನ್ನ ಮಗಳದು. ಅವಳು ಬಗ್ಗಿ ಹೇಳುವಾಗ ಉಳಿದ ಹೆಂಗಸರು ಬೆನ್ನಿಗೆ ಗುದ್ದುತ್ತಾರೆ. ಒಮ್ಮೆ ಕಿವಿಗೆ ಬಿದ್ದ ಹೆಸರು ಮುಗಿಯಿತು, ತಿರುಗಿಸುವಂತಿಲ್ಲ. ಡೆನ್ಮಾರ್ಕಿನವರ ಒಳಸಂಚುಗಳನ್ನು ಎರಡು ತಿಂಗಳು ಪುಕ್ಕಟೆ ಕೇಳಿದ್ದೆನಲ್ಲ. ಸವದತ್ತಿಯಲ್ಲಿ ಮಗ ಹಣ್ಣು ತರಲು ಇಳಿದಾಗ ಮಗಳ ಮೊಣಕೈ ಹಿಡಿದೆ.

"ಅವರು ಯಾವ ಹೆಸರಾರ ಹೇಳಲಿ. ನೀ ಕಿವ್ಯಾಗ ನಿಮ್ಮಪ್ಪಂದ ಹೇಳಿಬಿಡು."

"ಯವ್ವಾ, ಬೀಗರ ಮನ್ಯಾಗ ಜಗಳ ಹಚ್ಚತೀ ಏನ?"

"ಹೇಳತೀಯೋ ಇಲ್ಲೋ?"

"ಹೂಂ, ಹೇಳತೇನಿ ಬಿಡು" ಎಂದಳು. ತೊರಗಲ್ಲಿನ ಕೋಟೆ ದಾಟಿ ರಾಮದುರ್ಗ ಮುಟ್ಟುವವರೆಗೂ ಅವಳ ಮುಖ ನೋಡುತ್ತಲೇ ಇದ್ದೆ. ಅವಳ ಮೇಲೂ ನಂಬಿಕೆಯಿರಲಿಲ್ಲ.

ಬೀಗರ ಪಡಸಾಲೆ ತುಂಬ ಹೆಂಗಸರು. ಗುಗ್ಗರಿಯ ವಾಸನೆ. ಗುಂಡುಕಲ್ಲಿಗೆ ಕುಂಚಿಗೆ ಹಾಕಿ ತೊಟ್ಟಿಲ ಕೆಳಗೆ ಮೇಲೆ ದಾಟಿಸಿದರು, ಆಮೇಲೆ ಕೂಸನ್ನು ದಾಟಿಸಿದರು. ಕೂಸಿಗೆ ಹೆಸರಿಡುವ ಮೊದಲು ಒಡಪು ಹಾಕಿ ಗಂಡಂದಿರ ಹೆಸರು ಹೇಳುವ ಗದ್ದಲ ಶುರುವಾಯಿತು. ಸೊಸೆ ನಾಚದೆ ಹೇಳಿದಳು, ಮಗಳು ಹೇಳಿದಳು, ಹಲ್ಲಿಲ್ಲದ ಮುದುಕಿಯೊಬ್ಬಳು ಹೇಳಿ ಎಲ್ಲರನ್ನೂ ನಗಿಸಿದಳು. ಸರದಿ ನನ್ನ ಹತ್ತಿರ ಬಂದು, ನನ್ನನ್ನು ದಾಟಿ ಪಕ್ಕದವಳಿಗೆ ಹೋಯಿತು. ಗಂಡನಿಲ್ಲದವಳನ್ನು ಹೆಸರು ಹೇಳು ಎಂದು ಯಾರೂ ಅನ್ನುವುದಿಲ್ಲ. ಆರು ವರ್ಷದಿಂದ ಹೀಗೇ, ಅದೇನೂ ಹೊಸದಲ್ಲ.

ಮಗಳು ತೊಟ್ಟಿಲ ಮೇಲೆ ಬಗ್ಗಿದಳು. ಹೆಂಗಸರು ಗುದ್ದಲು ಕೈ ಎತ್ತಿದರು. ಸೊಸೆ ನಡುವೆ ಕೈ ಅಡ್ಡ ಹಿಡಿದಳು.

"ಅಕ್ಕಾರ, ಒಂದ ನಿಮಿಷ ತಡೀರಿ. ಹೆಸರ ಅತ್ತಿ ಹೇಳಲಿ."

ಬೀಗತಿ ತನ್ನ ಮಗಳ ಕಡೆ ಕಣ್ಣು ಬಿಟ್ಟಳು. ಇದೇನೋ ಹೊಸ ಕಾರಸ್ತಾನ ಎಂದು ನಾನು ಗೋಡೆಗೆ ಇನ್ನಷ್ಟು ಒರಗಿದೆ.

"ಯಾವ ಹೆಸರ?" ಎಂದೆ. "ಆ ಏಳರಾಗ ಒಂದೇನ?"

"ವಹಿ ನೀವು ನೋಡೀರಿ ಅಂತ ಗೊತ್ತೈತ್ರಿ. ಹಾಳಿಗೆಲ್ಲ ಜ್ವಾಳದ ಹಿಟ್ಟ ಹತ್ತಿತ್ತು" ಎಂದು ನಕ್ಕಳು. ಆಮೇಲೆ ನಗಲಿಲ್ಲ. "ಇಡೋದು ಮಾವಾರ ಹೆಸರ ಅತ್ತಿ, ಅದರಾಗ ಎರಡ ಮಾತಿಲ್ಲ. ಆದರ ಅದನ್ನ ನಾನೂ ಅನ್ನೋಹಂಗಿಲ್ಲ, ನೀವೂ ಅನ್ನೋಹಂಗಿಲ್ಲ. ಮನ್ಯಾಗ ಇರೋ ಹೆಂಗಸರ ನಾವಿಬ್ಬರ. ಕೂಸಿಗೆ ಏನಂತ ಕರೀಬೇಕು? ಅದಕ್ಕ ಆ ಏಳ ಬರದ ನೋಡಿದೆ. ಒಂದೂ ಸರಿ ಬರಲಿಲ್ಲ. ನನ್ನ ಮಗನ್ನ ಖೊಟ್ಟಿ ಹೆಸರಿಲೆ ಕರೀಲಿಕ್ಕೆ ನನಗ ಮನಸಿಲ್ಲರಿ. ನೀವು ಬಾಯಿ ತುಂಬ ಅಂದ್ರ, ನಾಳಿಂದ ನಾನೂ ಅಂತೇನಿ."

ಇಷ್ಟು ತಿಂಗಳು ಯಾವ ಹೆಸರಿಗಾಗಿ ಬಡಿದಾಡಿದೆನೋ, ಅದನ್ನು ಬಾಯಿಂದ ಆಡಲಾರೆ ಎಂಬುದೇ ನನಗೆ ಹೊಳೆದಿರಲಿಲ್ಲ. ಕಚೇರಿಯ ಕಾಗದಗಳಲ್ಲಿ ಅದನ್ನು ನೂರಾರು ಸಲ ಬರೆದಿದ್ದೇನೆ. ಗಂಡನ ಹೆಸರು ಹೇಳಲು ನಾಚುತ್ತಿದ್ದ ಹಳ್ಳಿಯ ಹೆಂಗಸರಿಗೆ "ಲಗೂನ ಹೇಳವಾ, ಮಂದಿ ಕಾಯಾಕತ್ತಾರ" ಎಂದು ಗದರಿಸಿದ್ದೇನೆ. ನಾನು ಮಾತ್ರ ಮದುವೆ, ಕುಬಸಗಳ ಒಡಪಿನಲ್ಲಿ, ಪ್ರಾಸದ ನಡುವೆ ಸಿಕ್ಕಿಸಿ, ಓಡಿಹೋಗುವವರ ಹಾಗೆ ಹೇಳಿ ಮುಗಿಸುತ್ತಿದ್ದೆ. ಹಡೆದ ತಾಯಿ ಅವರನ್ನು ಅಜ್ಜಪ್ಪ ಅಂದಳು. ನಾನು ನಾಲ್ಕು ದಶಕ "ರೀ" ಅಂದೆ. ಹೆಸರು ಹಿಡಿದು ಕರೆದವರು ಬ್ಯಾಂಕಿನವರು, ಸೊಸೈಟಿಯವರು. ಬೆಳಗಾವಿಯ ದವಾಖಾನೆಯಲ್ಲಿ ಕೊನೆಯ ದಿನ, ಕಣ್ಣು ಮುಚ್ಚಿದ್ದವರ ಭುಜ ಹಿಡಿದು "ರೀ, ರೀ" ಎಂದು ಅಲುಗಾಡಿಸುತ್ತಿದ್ದೆ. ವಾರ್ಡಿನ ಎಲ್ಲ ಹೆಂಗಸರೂ ಹಾಗೇ ಕರೆಯುತ್ತಿದ್ದರು. ಅವರು ತಿರುಗಲಿಲ್ಲ. ಆಮೇಲೆ ನರ್ಸ್ ಬಂದು ಫೈಲು ನೋಡಿ ಹೆಸರು ಕೂಗಿದಳು. ಅವರು "ಹೂಂ" ಎಂದರು. ಅವರ ಕೊನೆಯ ಮಾತು ಅದು. ಅದನ್ನು ನೆನೆದರೆ ನನಗೆ ಇಂದಿಗೂ ಆ ನರ್ಸಿನ ಮೇಲೆ ಹೊಟ್ಟೆಕಿಚ್ಚು.

ಎದ್ದು ತೊಟ್ಟಿಲ ಹತ್ತಿರ ಹೋದೆ. ಮಗಳು ಸರಿದು ಜಾಗ ಕೊಟ್ಟಳು. ಕೂಸು ಮುಷ್ಟಿ ಬಿಗಿದು ನಿದ್ದೆ ಮಾಡುತ್ತಿತ್ತು. ಬಗ್ಗಿ "ಕುರ್ರ್" ಎಂದೆ. ಹೆಸರಿನ ಬದಲು ಬರೀ ಗಾಳಿ ಬಂತು. ಬೆನ್ನ ಮೇಲೆ ಒಂದು ಗುದ್ದು ಬಿತ್ತು, ಮೆತ್ತಗಿನದು, ಸೊಸೆಯದು. ಎರಡನೆಯ ಸಲ ಪೂರ್ತಿ ಹೆಸರು ಬಂತು, ಕೂಸಿನ ಕಿವಿಗಷ್ಟೇ ಕೇಳುವಂತೆ. ಕೂಸು ಮಿಸುಕಾಡಿತು.

ಮೂರನೆಯ ಸಲ ಪಡಸಾಲೆಗೆಲ್ಲ ಕೇಳುವಂತೆ ಕೂಗಿದೆ. ಅದು ಕೂಸಿಗೆ ಹೇಳಿದ್ದಲ್ಲ.