ಐದು ವಾಕ್ಯಗಳ ಆಂಟಿ

ಅವರ ಬಲಗೈ ತೋರುಬೆರಳಿನ ಗೆಣ್ಣು ಊದಿಕೊಂಡು ಒಂದು ಪಕ್ಕಕ್ಕೆ ವಾಲಿತ್ತು. ಆ ಗೆಣ್ಣಿನಿಂದಲೇ ಮರವನ್ನು ತಟ್ಟಿ ನೋಡುತ್ತಿದ್ದರು. ಯಾರೋ ಬಿಟ್ಟುಹೋದ ಕಪಾಟಿನ ಬಾಗಿಲಿಗೆ ಕಿವಿಯಿಟ್ಟು ಎರಡು ಸಲ ತಟ್ಟಿ, "ಇದು ಮರ ಅಲ್ಲ ಕಣೇ, ಹೊಟ್ಟು. ಅಂಟು ಹಾಕಿ ಒತ್ತಿದಾರೆ" ಎನ್ನುವರು. ಒಗೆದು ಒಗೆದು ಬಣ್ಣ ಹೋದ ಕಾಟನ್ ಸೀರೆ, ಅದರ ಕೆಳಗೆ ಮಗನ ಹಳೆಯ ಸ್ಪೋರ್ಟ್ಸ್ ಶೂ. ಸಿಂಗಾಪುರದ ಸೆಂಗ್‌ಕಾಂಗಿನ ನಮ್ಮ ಬ್ಲಾಕಿನಲ್ಲಿ ಅವರು ಹನ್ನೆರಡನೇ ಮಹಡಿ, ನಾನು ಏಳನೆಯದು.

ಮಂಡ್ಯದ ಒಂದು ಪಿಯು ಕಾಲೇಜಿನಲ್ಲಿ ಅರ್ಥಶಾಸ್ತ್ರದ ಲೆಕ್ಚರರ್ ಆಗಿ ನಿವೃತ್ತರಾದವರು. ಯಜಮಾನರು ತೀರಿಕೊಂಡ ಮೇಲೆ ಮಗನ ಜೊತೆ ಇರಲು ಬಂದಿದ್ದರು. ನಾನು ಕನ್ನಡ ಮೀಡಿಯಂನಲ್ಲಿ ಪಿಯುಸಿ ಮುಗಿಸಿ, ಮದುವೆಯಾಗಿ, ಒನ್-ನಾರ್ತಿನ ಆಫೀಸೊಂದರಲ್ಲಿ ಕೆಲಸ ಮಾಡುವ ಗಂಡನ ಹಿಂದೆ ಬಂದವಳು. ಮಕ್ಕಳ ಶಾಲೆಯೊಂದರಲ್ಲಿ ಸಹಾಯಕಿಯ ಕೆಲಸಕ್ಕೆ ಸೇರಬೇಕೆಂದು ಆಸೆಯಿತ್ತು. ಅದಕ್ಕೆ ಇಂಗ್ಲಿಷ್ ಪರೀಕ್ಷೆ ಪಾಸಾಗಬೇಕಿತ್ತು. ಒಂದು ಸಲ ಫೇಲಾಗಿದ್ದೆ. ಓದುವುದು ಬರೆಯುವುದು ಹೇಗೋ ಆಗಿತ್ತು. ಮಾತಿನ ಪರೀಕ್ಷೆಯಲ್ಲಿ, ನೈಸರ್ಗಿಕ ಸಂಪನ್ಮೂಲಗಳನ್ನು ನಿಮ್ಮ ಮನೆಯಲ್ಲಿ ಹೇಗೆ ಬಳಸುತ್ತೀರಿ, ಎರಡು ನಿಮಿಷ ಹೇಳಿ ಎಂದಾಗ ನನ್ನ ಬಾಯಿಂದ "ವಾಟರ್" ಎಂಬ ಒಂದೇ ಮಾತು ಹೊರಟಿತ್ತು. ಮನೆಗೆ ಬಂದು ಹೇಳಿದರೆ ಐದು ವರ್ಷದ ಮಗಳು, "ಅಮ್ಮಾ, ಯುವರ್ ಇಂಗ್ಲಿಷ್ ಸೋ ಫನ್ನಿ ಲಾ" ಎಂದು ಇಲ್ಲಿನವರ ಧಾಟಿಯಲ್ಲೇ ಹೇಳಿ ನಕ್ಕಿದ್ದಳು.

ಲಿಫ್ಟಿನಲ್ಲಿ ಪರಿಚಯವಾದ ಆಂಟಿಗೆ ಇದನ್ನು ಹೇಳಿಕೊಂಡೆ. "ನಾಳೆ ಹತ್ತು ಗಂಟೆಗೆ ವಾಯ್ಡ್ ಡೆಕ್‌ಗೆ ಬಾ. ಪುಸ್ತಕ ತರಬೇಡ" ಎಂದರು.

ವಾಯ್ಡ್ ಡೆಕ್ ಎಂದರೆ ಕಟ್ಟಡದ ಅಡಿಯಲ್ಲಿ ಗೋಡೆಗಳಿಲ್ಲದೆ ತೆರೆದಿರುವ ಜಾಗ. ಅಲ್ಲಿ ಲಿಫ್ಟಿನ ಪಕ್ಕ ಜನ ತಮಗೆ ಬೇಡವಾದ ಸಾಮಾನುಗಳನ್ನು ಇಟ್ಟು ಹೋಗುತ್ತಿದ್ದರು: ಫ್ಯಾನು, ರೈಸ್ ಕುಕ್ಕರ್, ಮಗುವಿನ ಸೈಕಲ್. ಆಂಟಿಯ ಪಾಠ ಆ ಸಾಮಾನುಗಳ ಮುಂದೆ. ಒಂದು ವಸ್ತುವನ್ನು ತೋರಿಸುವರು. ಅದರ ಬಗ್ಗೆ ಇಂಗ್ಲಿಷಿನಲ್ಲಿ ಐದು ವಾಕ್ಯ ಹೇಳಬೇಕು. ಯಾವುದರಿಂದ ಮಾಡಿದ್ದು, ಅದು ಭೂಮಿಯ ಎಲ್ಲಿಂದ ಬಂತು, ಯಾರು ಬಳಸಿದರು, ಯಾಕೆ ಬಿಟ್ಟರು, ಇನ್ನು ಯಾರಿಗೆ ಬೇಕಾದೀತು. ಐದು ಮುಗಿಯುವವರೆಗೆ ಅಲ್ಲಿಂದ ಕದಲುವಂತಿಲ್ಲ.

ಮೊದಲ ದಿನ ಒಂದು ಟೇಬಲ್ ಫ್ಯಾನಿನ ಮುಂದೆ ನಿಂತು, "ದಿಸ್ ಫ್ಯಾನ್ ಈಸ್ ವೇಸ್ಟ್" ಎಂದೆ.

"ಯಾರು ಹೇಳಿದ್ದು? ಫ್ಯಾನ್ ಬಂದು ನಿನ್ ಕಿವೀಲಿ ಹೇಳ್ತಾ? ಅವರಿಗೆ ಬೇಡ, ಅಷ್ಟೇ. ಅನ್‌ವಾಂಟೆಡ್ ಅನ್ನು. ವೇಸ್ಟ್ ಬೇರೆ, ಅನ್‌ವಾಂಟೆಡ್ ಬೇರೆ. ಶುರುವಿಂದ ಹೇಳು."

ತಪ್ಪು ಮಾಡಿದರೆ ಜೋರಾಗಿ ಬೈಯುವರು. "ಎತ್ತಿನಗಾಡಿ ಥರ ಹೋಗ್ತಾ ಇದೆ ನಿನ್ನ ವಾಕ್ಯ, ಮಧ್ಯದಲ್ಲಿ ಚಕ್ರ ಬಿದ್ದೋಗಿದೆ." ಪಕ್ಕದ ಬೆಂಚಿನ ಮೇಲೆ ಕೂತಿರುತ್ತಿದ್ದ ಚೀನೀ ಅಜ್ಜ ಒಂದು ಅಕ್ಷರ ತಿಳಿಯದಿದ್ದರೂ ನಗುತ್ತಿದ್ದ. ಆಪರ್ಚುನಿಟಿ ಕಾಸ್ಟ್ ಎಂದರೇನು ಎಂದು ಕೇಳಿದ್ದಕ್ಕೆ, "ಈಗ ನೀನಿಲ್ಲಿದೀಯ, ಮನೇಲಿ ಸೀರಿಯಲ್ ತಪ್ತು. ಆ ತಪ್ಪಿದ್ದೇ ಕಾಸ್ಟು" ಎಂದರು. ರಿನ್ಯೂವಬಲ್ ಎಂಬ ಮಾತನ್ನು ಕಾರಿಡಾರಿನಲ್ಲಿ ಕಲಿಸಿದರು. ಅವರ ಏಸಿಯಿಂದ ತೊಟ್ಟಿಕ್ಕುವ ನೀರಿಗೆ ಒಂದು ಬಕೆಟ್ ಇಟ್ಟಿದ್ದರು. ಆ ನೀರು ಕರಿಬೇವಿನ ಗಿಡಕ್ಕೆ. "ಖಾಲಿಯಾದ್ರೂ ಮತ್ತೆ ತುಂಬುತ್ತೆ, ಅದು ರಿನ್ಯೂವಬಲ್. ಆದ್ರೆ ತುಂಬೋದಕ್ಕಿಂತ ಬೇಗ ಎತ್ತಿದ್ರೆ ಅದೂ ತಳ ಕಾಣುತ್ತೆ. ಆವಾಗ ಡಿಪ್ಲೀಷನ್. ಹೇಳು, ಡಿ-ಪ್ಲೀ-ಷನ್."

ಮೂರು ತಿಂಗಳಲ್ಲಿ ನನಗೆ ಬಾಯಿ ಬಂತು.

ಆ ವರ್ಷ ವರಮಹಾಲಕ್ಷ್ಮಿ ಹಬ್ಬಕ್ಕೆ ಗಂಡನ ಆಫೀಸಿನವರ ಮನೆಯ ಹೆಂಗಸರನ್ನು ಅರಿಶಿನ ಕುಂಕುಮಕ್ಕೆ ಕರೆದೆ. ಆಂಟಿಯನ್ನು ಕರೆಯಲಿಲ್ಲ. ಅವರ ಯಜಮಾನರಿಲ್ಲ, ಸಂಪ್ರದಾಯ ಹಾಗಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ಸಂಪ್ರದಾಯ ನನಗೆ ಅನುಕೂಲವಾಗಿ ಒದಗಿತು, ಅಷ್ಟೇ. ಆ ಶೂ ಹಾಕಿಕೊಂಡು, ಬಿಸಾಡಿದ ಸಾಮಾನು ತಟ್ಟುವವರು ನನ್ನ ಮನೆಯ ಸೋಫಾದ ಮೇಲೆ, ರೇಷ್ಮೆ ಸೀರೆಗಳ ಮಧ್ಯೆ ಕೂರುವುದು ನನಗೆ ಬೇಡವಾಗಿತ್ತು.

ಸಂಜೆ ಐದರ ಹೊತ್ತಿಗೆ ಬ್ಯೂನಾ ವಿಸ್ಟಾದ ದುಬಾರಿ ಕಾಂಡೋ ಅಪಾರ್ಟ್‌ಮೆಂಟಿನಿಂದ ಗಂಡನ ಮ್ಯಾನೇಜರರ ಹೆಂಡತಿ ಇನ್ನಿಬ್ಬರ ಜೊತೆ ಬಂದರು. ನಮ್ಮ ಕಡೆ ಬ್ಲಾಕುಗಳೆಲ್ಲ ಒಂದೇ ಥರ ಕಾಣುವುದರಿಂದ ಕರೆತರಲು ಕೆಳಗೆ ಇಳಿದಿದ್ದೆ. ಲಿಫ್ಟಿನ ಪಕ್ಕ ಆಂಟಿ ಒಂದು ಪುಟ್ಟ ಕುರ್ಚಿಯನ್ನು ತಲೆಕೆಳಗಾಗಿ ಹಿಡಿದು, ಅದರ ಕಾಲುಗಳನ್ನು ಅಲ್ಲಾಡಿಸಿ ನೋಡುತ್ತಿದ್ದರು.

"ಅಯ್ಯೋ ಪಾಪ," ಎಂದರು ಆ ಮ್ಯಾನೇಜರರ ಹೆಂಡತಿ, ದನಿಯನ್ನೇನೂ ತಗ್ಗಿಸದೆ. "ನಮ್ಮ ಕಡೆಯವರ ಥರಾನೇ ಸೀರೆ ಉಟ್ಟಿದಾರಲ್ಲ! ಕಸದಿಂದ ಆರಿಸ್ತಾ ಇದಾರೆ. ನಿಮಗೆ ಗೊತ್ತಾ ಇವರು?"

"ಇಲ್ಲಪ್ಪ, ಗೊತ್ತಿಲ್ಲ" ಎಂದೆ. ಅಷ್ಟಕ್ಕೇ ಸುಮ್ಮನಾಗಲಿಲ್ಲ. "ಈ ಬ್ಲಾಕಲ್ಲಿ ಎಲ್ಲಾ ಥರದೋರೂ ಇದಾರೆ ರೀ" ಎಂದು ನಕ್ಕೆ.

ಎರಡು ಮಾರು ದೂರವೂ ಇರಲಿಲ್ಲ. ಆಂಟಿ ತಲೆಯೆತ್ತಿದರು. ನನ್ನನ್ನು ನೋಡಲಿಲ್ಲ. ಕುರ್ಚಿಯನ್ನು ಪಕ್ಕಕ್ಕೆ ಸರಿಸಿ ದಾರಿ ಬಿಟ್ಟು, ಅವರ ಆ ಸ್ವಚ್ಛವಾದ ಇಂಗ್ಲಿಷಿನಲ್ಲಿ, "ಪ್ಲೀಸ್, ಗೋ ಅಹೆಡ್" ಎಂದರು. ಕನ್ನಡ ಬಾರದವರ ಹಾಗೆ. ನನ್ನ ಸುಳ್ಳು ಬಿದ್ದುಹೋಗದಿರಲೆಂದು ಅವರೂ ಅದಕ್ಕೆ ಹೆಗಲು ಕೊಟ್ಟರು. ಲಿಫ್ಟಿನ ಬಾಗಿಲು ಮುಚ್ಚಿತು. ಯಾರೋ ನನ್ನ ಬ್ಲೌಸಿನ ಡಿಸೈನ್ ಚೆನ್ನಾಗಿದೆ ಎಂದರು.

ಅವರನ್ನೆಲ್ಲ ಕಳಿಸಿ ಬಾಗಿಲು ಹಾಕಲು ಹೋದಾಗ, ಹೊರಗೆ ಚಪ್ಪಲಿ ಸ್ಟ್ಯಾಂಡಿನ ಪಕ್ಕ ಆ ಕುರ್ಚಿ ಇತ್ತು. ಒರೆಸಿ, ಸ್ಕ್ರೂ ಬಿಗಿ ಮಾಡಿ ಇಟ್ಟಿದ್ದರು. ಮಗಳು ನೆಲದ ಮೇಲೆ ಕೂತು ಬರೆದು ಬೆನ್ನು ನೋವು ಅನ್ನುತ್ತಾಳೆ ಎಂದು ಆ ವಾರವಷ್ಟೇ ಅವರಿಗೆ ಹೇಳಿದ್ದೆ. ಬೆಲ್ ಒತ್ತಿರಲಿಲ್ಲ.

ಮುಂದಿನ ಪಾಠಕ್ಕೆ ಹೋದಾಗ, "ಇನ್ಮೇಲೆ ಕೆಳಗೆ ಬೇಡ. ನಮ್ಮನೇಲೇ ಕೂತ್ಕೊಂಡು ಮಾಡೋಣ, ಸೆಕೆ" ಎಂದರು. ಸೆಕೆ ಸಿಂಗಾಪುರದಲ್ಲಿ ಹೊಸದಲ್ಲ. ಟೀಪಾಯಿಯ ಮೇಲೆ ಲೋಟವನ್ನೋ ಹಳೆಯ ಪೇಪರನ್ನೋ ಇಟ್ಟು ಐದು ವಾಕ್ಯ ಹೇಳಿಸಿದರು. ತಪ್ಪು ಮಾಡಿದಾಗ ಮೆಲ್ಲಗೆ ತಿದ್ದಿದರು. ಅಂದಿನಿಂದ ಒಂದು ಸಲವೂ ಬೈಯಲಿಲ್ಲ. ಬೇಕೆಂದೇ ತಪ್ಪು ಹೇಳಿದೆ ಒಮ್ಮೆ. "ಪರವಾಗಿಲ್ಲ, ಇನ್ನೊಂದ್ಸಲ ಹೇಳಿ ನೋಡು" ಎಂದರು.

ಪರೀಕ್ಷೆಯಲ್ಲಿ ಜನ ವಸ್ತುಗಳನ್ನು ಯಾಕೆ ಬೇಗ ಬಿಸಾಡುತ್ತಾರೆ ಎಂದು ಕೇಳಿದರು. ಎರಡು ನಿಮಿಷವಾಯಿತು, ನಿಲ್ಲಿಸಿ ಎಂದು ಪರೀಕ್ಷಕಿಯೇ ಹೇಳಬೇಕಾಯಿತು. ಪಾಸಾದೆ. ಮೈಸೂರುಪಾಕು ಮಾಡಿಕೊಂಡು ಹನ್ನೆರಡನೇ ಮಹಡಿಗೆ ಹೋದೆ. "ಆಂಟಿ, ಆವತ್ತು ಹಬ್ಬದ ದಿನ..." ಎಂದು ಬಾಯಿ ತೆರೆದೆ.

"ಪಾಸಾದ್ಯಲ್ಲ, ಬಿಡು. ಪಾಕ ಸ್ವಲ್ಪ ಜಾಸ್ತಿ ಆಗಿದೆ ನೋಡು, ಹಲ್ಲಿಗೆ ಕಷ್ಟ" ಎಂದು ತುಂಡನ್ನು ದವಡೆಗೆ ಸರಿಸಿಕೊಂಡರು.

ಅದನ್ನೇ ಕ್ಷಮೆ ಎಂದುಕೊಂಡು ಎದ್ದು ಬಂದೆ. ಇನ್ನೊಂದು ಮಾತು ಆಡಬಹುದಿತ್ತು. ಆಡಲಿಲ್ಲ. ಕೆಲಸಕ್ಕೆ ಸೇರಿದ ಮೇಲೆ ಹೋಗುವುದು ವಾರಕ್ಕೊಮ್ಮೆ ಆಯಿತು, ಆಮೇಲೆ ಹಬ್ಬಕ್ಕೊಮ್ಮೆ. ಎದುರು ಕೂತರೆ ಆ ಮಾತು ನಡುವೆ ಬಂದು ಕೂರುತ್ತಿತ್ತು, ಅದಕ್ಕೇ ಬಿಡುವಿಲ್ಲ ಎನ್ನುತ್ತಿದ್ದೆ. ಅವರಿಗೆ ಕಾಯಿಲೆ ಎಂದು ತಿಳಿದಾಗಲೂ ಭಾನುವಾರ ಹೋಗೋಣ ಎಂದುಕೊಂಡೆ. ಗುರುವಾರ ಬೆಳಿಗ್ಗೆ ಆಸ್ಪತ್ರೆಯಲ್ಲಿ ಹೋಗಿಬಿಟ್ಟರು.

ಅಂತ್ಯಕ್ರಿಯೆಯ ದಿನ ಅವರ ಮಗ ನನ್ನ ಹತ್ತಿರ ಬಂದು, "ನೀವೇ ಅಲ್ವಾ ಅಮ್ಮನ ಸ್ಟೂಡೆಂಟ್?" ಎಂದರು. "ಇಲ್ಲಿಗೆ ಬಂದ ಮೇಲೂ ಒಬ್ಬಳು ಸಿಕ್ಕಿದ್ಳು ನೋಡು ಅಂತ ಊರಿಗೆ ಫೋನ್ ಮಾಡಿದಾಗೆಲ್ಲ ಹೇಳೋರು. ನೀವು ಪಾಸಾದ ದಿನ ನಂಗೆ ಆಫೀಸಿಗೇ ಫೋನ್ ಮಾಡಿದ್ರು." ತಲೆಯಾಡಿಸಿದೆ. ಅವರ ಮುಖ ನೋಡಲಾಗಲಿಲ್ಲ.

ಮೂರು ತಿಂಗಳಾಯಿತು. ಹೋದ ವಾರ ಧೈರ್ಯ ಮಾಡಿ ಬ್ಯೂನಾ ವಿಸ್ಟಾದ ಆ ಮ್ಯಾನೇಜರರ ಹೆಂಡತಿಗೆ ಫೋನ್ ಮಾಡಿದೆ. "ಆವತ್ತು ನಮ್ಮ ಬ್ಲಾಕ್ ಕೆಳಗೆ ಒಬ್ಬರು ಕುರ್ಚಿ ಹಿಡ್ಕೊಂಡು ನಿಂತಿದ್ರಲ್ಲ, ಗೊತ್ತಾ ಅಂತ ಕೇಳಿದ್ರಿ. ನಾನು ಇಲ್ಲ ಅಂದಿದ್ದೆ. ಅವರು ನನ್ನ ಟೀಚರ್. ನನಗೆ ಇಂಗ್ಲಿಷ್ ಕಲಿಸಿದೋರು."

"ಯಾವ ಕುರ್ಚಿ ರೀ? ಯಾರು?" ಎಂದರು. ಸ್ವಲ್ಪ ಯೋಚಿಸಿದರು, ಪಾಪ, ನಿಜವಾಗಿಯೂ. "ಊಹೂಂ, ನೆನಪೇ ಇಲ್ಲಪ್ಪ. ನಿಮ್ಮನೆ ಒಬ್ಬಟ್ಟು ಮಾತ್ರ ಚೆನ್ನಾಗಿ ನೆನಪಿದೆ."

ಯಾರ ಕಣ್ಣಿಗೆ ಹೆದರಿ ಆಂಟಿಯನ್ನು ಗೊತ್ತಿಲ್ಲ ಅಂದೆನೋ, ಅವರಿಗೆ ಆ ಸಂಜೆಯೇ ಉಳಿದಿರಲಿಲ್ಲ. ಉಳಿದದ್ದು ನನಗೆ. ಮತ್ತೆ, ಬದುಕಿದ್ದಷ್ಟು ದಿನ, ದಾರಿ ಬಿಟ್ಟು ನಿಂತಿದ್ದ ಆಂಟಿಗೆ.