ಅವನ ಪಾಲಿನ ಹದಿನೈದು ನಿಮಿಷ

ನಾನೂ ಅವನೂ ಮೈಸೂರಿನಲ್ಲಿ ಒಂದೇ ಹಾಸ್ಟೆಲಿನಲ್ಲಿದ್ದು ಗಣಿತದಲ್ಲಿ ಎಂ.ಎಸ್ಸಿ. ಮಾಡಿದವರು. ಅವನು ಹೊಳೆನರಸೀಪುರದ ಜಮೀನಿದ್ದವರ ಮನೆಯವನು, ನಾನು ಅರಕಲಗೂಡು ಕಡೆಯ ಮಲ್ಲಿಪಟ್ಟಣದವನು. ಪರೀಕ್ಷೆಯಲ್ಲಿ ಅವನು ನನಗಿಂತ ಒಂದೇ ಒಂದು ಸ್ಥಾನ ಮುಂದೆ ಬಂದ. ಅರವತ್ತರ ದಶಕದ ಶುರುವಿನಲ್ಲಿ ಇಬ್ಬರಿಗೂ ಹಾಸನದ ಒಂದು ಕಾಲೇಜಿನಲ್ಲಿ ಒಟ್ಟಿಗೆ ಕೆಲಸ ಸಿಕ್ಕಿತು. ಸಂಬಳ ಒಂದೇ, ಕೋಣೆ ಒಂದೇ, ಬೆಂಚು ಒಂದೇ. ಆದರೆ ಹಾಜರಿ ಪುಸ್ತಕದಲ್ಲಿ ಅವನ ಹೆಸರು ಮೇಲೆ, ನನ್ನದು ಕೆಳಗೆ. ದಿನಾ ಬೆಳಿಗ್ಗೆ ಅವನ ಸಹಿಯ ಜಾಗದ ಕೆಳಗೆ ನಾನು ಸಹಿ ಹಾಕಬೇಕಿತ್ತು.

ಹೊಟ್ಟೆಕಿಚ್ಚು ಅನ್ನುವ ಮಾತನ್ನು ಜನ ಪಿಸುಗುಟ್ಟಿ ಹೇಳುತ್ತಾರೆ. ನನಗೆ ಆ ಸಂಕೋಚವಿಲ್ಲ. ಅವನನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತಿತ್ತು, ಮತ್ತು ಅವನಷ್ಟು ಹತ್ತಿರದ ಗೆಳೆಯ ನನಗೆ ಇನ್ನೊಬ್ಬನಿರಲಿಲ್ಲ. ಅವನು ಬೋರ್ಡಿನ ಮೇಲೆ ಕೈಯಲ್ಲಿ ಎಳೆದ ವೃತ್ತ ವೃತ್ತವೇ ಆಗಿರುತ್ತಿತ್ತು. ನಾನು ಎಳೆದದ್ದು ಹಾಸನದ ಸಂತೆಯ ಆಲೂಗಡ್ಡೆ. ಅವನು ತಡವಾಗಿ ಬಂದರೂ ಪ್ರಿನ್ಸಿಪಾಲರು ನಗುತ್ತಿದ್ದರು. ನಾನು ಬೇಗ ಬಂದರೆ ಅವರು ಗಮನಿಸುತ್ತಲೇ ಇರಲಿಲ್ಲ. ನನ್ನ ಹೆಂಡತಿ ಕೂಡ, ಅವನು ಮನೆಗೆ ಬಂದ ದಿನ ಕಾಫಿಗೆ ಒಂದು ಚೂರು ಹೆಚ್ಚು ಡಿಕಾಕ್ಷನ್ ಹಾಕುತ್ತಿದ್ದಳು. ಬಂದವರಿಗೆಲ್ಲ ಹಾಗೇ ಹಾಕುತ್ತೀನಿ ಅನ್ನುತ್ತಿದ್ದಳು. ನಾನು ನಂಬಲಿಲ್ಲ.

ನಾವಿಬ್ಬರೂ ತಲೆ ಕೆಡಿಸಿಕೊಂಡಿದ್ದ ವಿಷಯ ಲೆಕ್ಕ ಮಾಡುವ ಯಂತ್ರಗಳದ್ದು. ಕಂಪ್ಯೂಟರ್ ಅನ್ನುವುದನ್ನು ಇಬ್ಬರೂ ಕಣ್ಣಲ್ಲಿ ಕಂಡಿರಲಿಲ್ಲ. ಕಾಣುವ ಅಗತ್ಯವೂ ಇರಲಿಲ್ಲ. ಅಂಥ ಯಂತ್ರ ಯಾವುದನ್ನು ಮಾಡಬಲ್ಲುದು, ಯಾವುದನ್ನು ಎಂದಿಗೂ ಮಾಡಲಾರದು ಎಂದು ಕಾಗದದ ಮೇಲೆಯೇ ಸಾಧಿಸುವ ವಿದ್ಯೆ ಅದು. ಕೆಮಿಸ್ಟ್ರಿಯವರೊಬ್ಬರು, ‘ಯಂತ್ರದೋರೇ, ನಮ್ಮನೆ ರೇಡಿಯೋ ಗೊರಗೊರ ಅಂತದೆ, ಒಸಿ ನೋಡ್ಕೊಡಿ’ ಎಂದು ಗೇಲಿ ಮಾಡುತ್ತಿದ್ದರು.

ಒಂದು ಬೇಸಿಗೆ ಇಬ್ಬರನ್ನೂ ಪರೀಕ್ಷೆಯ ಮೇಲ್ವಿಚಾರಣೆಗೆ ಚನ್ನರಾಯಪಟ್ಟಣಕ್ಕೆ ಹಾಕಿದರು. ಮೇಲ್ವಿಚಾರಕನಿಗೆ ಓದುವಂತಿಲ್ಲ, ಕೂರುವಂತಿಲ್ಲ, ಬೆಂಚುಗಳ ನಡುವೆ ಸುಮ್ಮನೆ ನಡೆಯಬೇಕು. ಗಣಿತದವರಿಗೆ ಅದಕ್ಕಿಂತ ಒಳ್ಳೆಯ ಜಾಗ ಬೇರೆ ಇಲ್ಲ. ಅಲ್ಲಿ ನಡೆಯುತ್ತಲೇ ಅವನಿಗೆ ಪ್ರಶ್ನೆ ಹೊಳೆಯಿತು. ಒಂದು ಯಂತ್ರವಿದೆ ಅಂದುಕೊಳ್ಳಿ. ಅದಕ್ಕೆ ಗೊತ್ತಿರುವುದು ಬುಟ್ಟಿಗೆ ಒಂದು ಹುಣಸೆಬೀಜ ಹಾಕುವುದು, ಒಂದು ತೆಗೆಯುವುದು, ಬುಟ್ಟಿ ಖಾಲಿಯೋ ಎಂದು ನೋಡುವುದು, ಇಷ್ಟೇ. ಇಂಥ ಎರಡು ಯಂತ್ರ ಕೊಟ್ಟರೆ, ಅವು ಎಂದೆಂದಿಗೂ ಒಂದೇ ಥರ ನಡೆದುಕೊಳ್ಳುತ್ತವೋ ಇಲ್ಲವೋ ಎಂದು ಹೇಳಲು ಖಚಿತವಾದ ಒಂದು ವಿಧಾನವಿದೆಯೇ? ಬಸ್ಸಿನಲ್ಲಿ ವಾಪಸ್ಸು ಬರುವಾಗ ಅವನು ಇದನ್ನು ಹೇಳಿದ. ಎಷ್ಟು ಚೆನ್ನಾದ ಪ್ರಶ್ನೆ ಅಂದರೆ, ಹಾಸನ ಬರುವವರೆಗೂ ನಾನು ನಿದ್ದೆ ಬಂದವನಂತೆ ಕಣ್ಣು ಮುಚ್ಚಿಕೊಂಡೇ ಕೂತಿದ್ದೆ.

ನನಗೂ ಒಂದು ಸಣ್ಣ ವಿಷಯ ಸಿಕ್ಕಿತು. ಬುಟ್ಟಿ ಒಂದು ಮಟ್ಟ ದಾಟಿ ತುಂಬಿದ ಮೇಲೆ ಯಂತ್ರ ತಾನು ಮೊದಲು ತುಳಿದ ದಾರಿಯನ್ನೇ ಮತ್ತೆ ತುಳಿಯಲೇಬೇಕು, ಆ ಮಟ್ಟ ಎಷ್ಟೆಂದು ಮೊದಲೇ ಹೇಳಬಹುದು. ನೋಡಲು ಬಡಪಾಯಿ ಫಲಿತಾಂಶ. ಆದರೆ ಅದರ ಸಾಧನೆಯಲ್ಲಿ, ಅಂದರೆ ಅದು ನಿಜವೆಂದು ತೋರಿಸುವ ತರ್ಕದಲ್ಲಿ, ಒಂದು ಸಂದೂ ಇರಲಿಲ್ಲ.

ಆ ವರ್ಷದ ಗಣಿತ ಸಮ್ಮೇಳನ ಮೈಸೂರಿನಲ್ಲೇ ಇತ್ತು. ಇಂಥ ಸಮ್ಮೇಳನಕ್ಕೆ ತಿಂಗಳುಗಟ್ಟಲೆ ಮುಂಚೆ ಒಂದು ಪುಟದ ಸಾರಾಂಶ ಕಳಿಸಬೇಕು. ಸಾಧನೆ ಪೂರ್ತಿ ಆಗಿರಲಿ ಬಿಡಲಿ, ‘ಹೀಗೆಂದು ಸಾಧಿಸಲಾಗಿದೆ’ ಎಂದು ಬರೆದು ಕಳಿಸಿ, ಆಮೇಲೆ ಕೂತು ಸಾಧಿಸುವುದು ನಮ್ಮವರಲ್ಲಿ ನಡೆದುಬಂದದ್ದು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ಅಂತಾರಲ್ಲ, ಅದೇ. ನಾನು ಹುಟ್ಟಿದ ಕೂಸಿಗೆ ಹೊಲಿಸಿದೆ. ಅವನು, ಅಂಥ ವಿಧಾನವಿದೆ ಎಂದು ಬರೆದು, ಹುಟ್ಟಬೇಕಾದ್ದಕ್ಕೆ ಹೊಲಿಸಿದ.

ಅವನದನ್ನು ಒಪ್ಪಿ, ವೇದಿಕೆಯಲ್ಲಿ ಓದಲು ಹದಿನೈದು ನಿಮಿಷ ಕೊಟ್ಟರು. ನನ್ನದನ್ನೂ ಒಪ್ಪಿದರು, ಆದರೆ ‘ಶೀರ್ಷಿಕೆ ಮಾತ್ರ’ ಅನ್ನುವ ಗುಂಪಿಗೆ ಹಾಕಿದರು. ಅಂದರೆ ಅಧ್ಯಕ್ಷರು ಪ್ರಬಂಧದ ಹೆಸರನ್ನೂ ಬರೆದವನ ಹೆಸರನ್ನೂ ಓದುತ್ತಾರೆ, ಸಭೆ ತಲೆಯಾಡಿಸುತ್ತದೆ, ಮುಗಿಯಿತು. ಗೈರುಹಾಜರಾದ ಹುಡುಗನ ಹೆಸರು ಕೂಗಿದ ಹಾಗೆ. ನನಗೆ ಬೇಕಾಗಿದ್ದದ್ದು ಆ ವೇದಿಕೆ ಒಂದೇ. ಬಲ್ಲವರ ಎದುರು ಒಂದು ಸಲ ನಿಂತು ನನ್ನದನ್ನು ನಾನೇ ಹೇಳಬೇಕು, ಅಷ್ಟೇ. ಅದಕ್ಕಿಂತ ದೊಡ್ಡ ಆಸೆ ಆಗ ನನಗೆ ಯಾವುದೂ ಇರಲಿಲ್ಲ.

ಪ್ರಿನ್ಸಿಪಾಲರು ಅವನನ್ನು ಕಾಲೇಜಿನ ಪರವಾಗಿ ಕಳಿಸಿದರು. ನಾನು ನನ್ನ ರಜೆ ಹಾಕಿ ಹೊರಟೆ. ‘ನಿಮ್ಮನ್ನ ಓದು ಅನ್ನಲ್ವಲ್ಲ, ಯಾಕೆ ಓಗ್ತೀರಿ?’ ಎಂದು ಹೆಂಡತಿ ಕೇಳಿದಳು. ಕೇಳೋಕೆ ಅಂದೆ. ನಿಜ ಹೇಳಬೇಕೆಂದರೆ ಅವನು ತಡವರಿಸುವುದನ್ನು ನೋಡೋಕೆ.

ನಾನು ಹಾಸನದಲ್ಲಿ ರೈಲು ಹತ್ತಿದೆ, ಹಿಂದಿನ ದಿನವೇ ಊರಿಗೆ ಹೋಗಿದ್ದ ಅವನು ಹೊಳೆನರಸೀಪುರದಲ್ಲಿ ಹತ್ತಿದ. ಕೈಯಲ್ಲಿ ಅವ್ವ ಕಟ್ಟಿಕೊಟ್ಟ ಬುತ್ತಿ. ಮುಖ ಮಾತ್ರ ಸತ್ತ ಮನೆಯಿಂದ ಬಂದವನ ಹಾಗಿತ್ತು.

‘ಏನ್ಲಾ?’ ಅಂದೆ.

‘ಕೆಟ್ಟೆ ಕಣ್ಲಾ. ಮಧ್ಯದಲ್ಲಿ “ಇಲ್ಲಿಂದ ಮುಂದೆ ಅದೇ ದಾರಿ ಮರುಕಳಿಸುತ್ತದೆ, ಇದು ಸ್ಪಷ್ಟ” ಅಂತ ಬರೆದ್ಬುಟ್ಟಿದೀನಿ. ಅಲ್ಲಿ ಏನೂ ಸ್ಪಷ್ಟ ಇಲ್ಲ. ಆ ಜಾಗ ಬುಟ್ಟು ಮಿಕ್ಕಿದ್ದೆಲ್ಲಾ ಸರಿಯಾಗದೆ. ಅದೊಂದು ಬರ್ತಾ ಇಲ್ಲ.’

ನನ್ನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಅವನ ಬುತ್ತಿಯ ಚಪಾತಿ ಚಟ್ನಿಪುಡಿಯನ್ನು ಅವನು ಮುಟ್ಟಲಿಲ್ಲ, ನಾನು ತಿಂದೆ. ತಿನ್ನುತ್ತಲೇ ಅವನ ಹಾಳೆ ನೋಡಿದೆ. ಆ ‘ಸ್ಪಷ್ಟ’ದ ಜಾಗದಲ್ಲಿ ಕೂರಬೇಕಾಗಿದ್ದದ್ದು ನನ್ನ ಫಲಿತಾಂಶವೇ. ಅಳತೆ ಕೊಟ್ಟು ಮಾಡಿಸಿದ ಹಾಗೆ ಅಲ್ಲಿಗೆ ಹೊಂದುತ್ತಿತ್ತು. ಅದನ್ನು ಅವನಿಗೆ ಹಿಂದೆಯೇ ತೋರಿಸಿದ್ದೆ, ಅವನು ಚೆನ್ನಾಗಿದೆ ಅಂದು ಮರೆತಿದ್ದ.

ಬಾಯಿ ಮುಚ್ಚಿಕೊಂಡು ಕೂರಬಹುದಿತ್ತು. ಕೂರಲಿಲ್ಲ. ಅದು ನನ್ನ ದೊಡ್ಡತನ ಅಂತ ಯಾರೂ ತಿಳಿಯಬೇಡಿ. ಅವನು ವೇದಿಕೆಯ ಮೇಲೆ ನಿಂತು ನನ್ನ ಹೆಸರು ಹೇಳಲೇಬೇಕಾಗುತ್ತದೆ, ಇನ್ನು ಬದುಕಿರುವವರೆಗೆ ನನ್ನ ಋಣದಲ್ಲಿರುತ್ತಾನೆ ಅನ್ನುವ ಲೆಕ್ಕ ಹಾಕಿಯೇ ನನ್ನ ಹಾಳೆ ತೆಗೆದುಕೊಟ್ಟೆ. ಅವನು ಓದಿದ. ಕೃಷ್ಣರಾಜನಗರ ದಾಟಿದರೂ ತಲೆ ಎತ್ತಲಿಲ್ಲ. ಆಮೇಲೆ, ‘ಕಷ್ಟ ಇದ್ದದ್ದು ಇದೊಂದೇ ಕಣ್ಲಾ. ನೀನು ಮಾಡಿದೀಯ’ ಅಂದ. ನನಗೆ ಆ ಮಾತು ಸಾಕಿತ್ತು, ರೈಲು ಅಲ್ಲೇ ನಿಂತು ನಾನು ವಾಪಸ್ಸು ಹೋಗಿದ್ದರೂ ಸಾಕಿತ್ತು.

ಮಾರನೆಯ ದಿನ ಅಧ್ಯಕ್ಷರು ಅವನ ಹೆಸರು ಕರೆದರು. ಅವನು ಎದ್ದು ಹೋಗಿ ಇಂಗ್ಲಿಷಿನಲ್ಲಿ ನಾಲ್ಕು ಮಾತು ಹೇಳಿದ. ತನ್ನ ಸಾರಾಂಶದಲ್ಲಿ ಸಾಧಿಸಲಾಗಿದೆ ಎಂದದ್ದು ಸುಳ್ಳು, ಬರೆದಾಗ ತಾನು ಸಾಧಿಸಿರಲಿಲ್ಲ. ನಡುವಿನ ಹಳ್ಳಕ್ಕೆ ಸೇತುವೆ ಕಟ್ಟಿದವನು ಶೀರ್ಷಿಕೆ ಮಾತ್ರದ ಪಟ್ಟಿಯಲ್ಲಿರುವ ತನ್ನ ಗೆಳೆಯ. ಆದ್ದರಿಂದ ಈ ಹದಿನೈದು ನಿಮಿಷ ಅವನದು. ಹೀಗೆಂದು ಕೆಳಗಿಳಿದು ಬಂದು ಸೀಮೆಸುಣ್ಣ ನನ್ನ ಕೈಗಿಟ್ಟ. ‘ಓಗ್ಲಾ, ಓದು’ ಅಂದ.

ಹೋದೆ, ಓದಿದೆ. ಒಂದು ತಪ್ಪೂ ಮಾಡಲಿಲ್ಲ. ಗಂಟೆ ಬಾರಿಸುವ ಮುಂಚೆಯೇ ಮುಗಿಸಿದೆ. ಸಭೆ ಚಪ್ಪಾಳೆ ತಟ್ಟಿತು. ನಾನು ಬಯಸಿದ್ದು ಪೂರ್ತಿ ನನಗೆ ಸಿಕ್ಕಿತ್ತು.

ಆಮೇಲೆ ಟೀ ಕುಡಿಯುವಾಗ ಎಲ್ಲರೂ ಅವನ ಸುತ್ತ ಇದ್ದರು. ತಮ್ಮದನ್ನೇ ತಪ್ಪೆಂದು ಸಭೆಯಲ್ಲಿ ಹೇಳಿದವರನ್ನು ಅವರು ಅಷ್ಟು ವರ್ಷಗಳಲ್ಲಿ ಕಂಡಿರಲಿಲ್ಲವಂತೆ. ಮದರಾಸಿನಿಂದ ಬಂದಿದ್ದ ಹಿರಿಯ ಪ್ರೊಫೆಸರರೊಬ್ಬರು ಅವನ ಹೆಗಲ ಮೇಲೆ ಕೈಯಿಟ್ಟು, ನಮ್ಮಲ್ಲಿಗೆ ಬಂದು ಒಂದು ವರ್ಷ ಕೆಲಸ ಮಾಡಿ ಎಂದರು. ನಂತರ ನನ್ನ ಕಡೆ ತಿರುಗಿದರು. ನನ್ನ ಸಾಧನೆಯ ಬಗ್ಗೆ ಏನೋ ಕೇಳುತ್ತಾರೆಂದು ಲೋಟ ಕೆಳಗಿಟ್ಟು ಸಿದ್ಧನಾದೆ. ‘ಇಂಥ ಗೆಳೆಯ ಸಿಕ್ಕಿದ್ದು ನಿಮ್ಮ ಪುಣ್ಯ’ ಎಂದರು.

ವಾಪಸ್ಸು ಬರುವಾಗ ರೈಲಿನಲ್ಲಿ ಅವನು ಹಾಯಾಗಿ ನಿದ್ದೆ ಮಾಡಿದ. ಹೊಳೆನರಸೀಪುರದಲ್ಲಿ ನಾನೇ ಎಬ್ಬಿಸಿ ಇಳಿಸಿದೆ. ‘ಸೋಮವಾರ ಬತ್ತೀನಿ ಕಣ್ಲಾ’ ಎಂದು ಕೈಯೆತ್ತಿ ಹೋದ. ಅವನ ಮುಖದಲ್ಲಿ ಉಪಕಾರ ಮಾಡಿದೆನೆಂಬ ಕುರುಹು ಎಲ್ಲಿಯಾದರೂ ಇದೆಯೇ ಎಂದು ಹುಡುಕಿದೆ. ಇರಲಿಲ್ಲ. ಇದ್ದಿದ್ದರೆ ಬೈದುಕೊಂಡಾದರೂ ಸಮಾಧಾನ ಪಡುತ್ತಿದ್ದೆ.

ಮನೆಗೆ ಬಂದು ಕಾಲು ತೊಳೆದು ಕೂತೆ. ಹೆಂಡತಿ ತಟ್ಟೆ ಇಟ್ಟು, ‘ಎಂಗಾಯ್ತು?’ ಅಂದಳು.

‘ನಾನೇ ಓದಿದೆ. ವೇದಿಕೆ ಮೇಲೆ. ಎಲ್ಲ ಚಪ್ಪಾಳೆ ತಟ್ಟಿದ್ರು.’

ಅವಳ ಮುಖ ಅರಳಿತು. ನಿಜವಾಗಿಯೂ ಅರಳಿತು, ಅದನ್ನು ನಾನು ನೋಡಿದೆ. ಮುದ್ದೆ ಬಡಿಸಿ, ಸಾರು ಬಿಟ್ಟು, ತುಪ್ಪದ ಬಟ್ಟಲು ತರಲು ಎದ್ದವಳು ಅರ್ಧದಲ್ಲೇ ನಿಂತಳು.

‘ಮತ್ತೆ ಅವರು?’

‘ಅವನು ಓದಲಿಲ್ಲ. ಅವನ ಹೊತ್ತು ನನಗೆ ಕೊಟ್ಟ.’

‘ಅಯ್ಯೋ ಪಾಪ’ ಅಂದಳು.

ತುಪ್ಪ ಬಂತು, ಊಟ ಮಾಡಿದೆ, ಕೈ ತೊಳೆದೆ. ಆಗುವಂತಿದ್ದರೆ ವೇದಿಕೆ, ಚಪ್ಪಾಳೆ, ಓದಿದ ಹದಿನೈದು ನಿಮಿಷ, ಎಲ್ಲವನ್ನೂ ಅವನಿಗೇ ತಿರುಗಿ ಕೊಟ್ಟು, ನನ್ನ ಹೆಂಡತಿಯ ಬಾಯಿಂದ ಅವನಿಗೆಂದು ಬಂದ ಆ ‘ಅಯ್ಯೋ ಪಾಪ’ ಒಂದನ್ನು ನಾನು ಇಟ್ಟುಕೊಳ್ಳುತ್ತಿದ್ದೆ.