ಶುಕ್ರವಾರದ ಎಣ್ಣೆಗಾಯಿ

ಇವತ್ತು ಬೆಳಿಗ್ಗೆ ಹೈದರಾಬಾದಿನ ಕೊಂಡಾಪುರದ ನಮ್ಮ ಫ್ಲ್ಯಾಟಿನ ತುಂಬ ಬದನೆಕಾಯಿ ಎಣ್ಣೆಗಾಯಿಯ ವಾಸನೆ. ನಾನೇ ಮಾಡಿದ್ದರಿಂದ ಜೊತೆಗೆ ಒಂದಿಷ್ಟು ಸೀದ ವಾಸನೆಯೂ ಇತ್ತು ಅನ್ನಿ. ಈ ವಾಸನೆ ಮೂಗಿಗೆ ಬಡಿದರೆ ನನಗೆ ನೆನಪಾಗುವುದು ಒಬ್ಬ ಪಾದ್ರಿ. ನಗಬೇಡಿ.

ಫಾದರ್ ಇನ್ನಾಸಪ್ಪ ರಾಯಚೂರು ಕಡೆಯವರು. ನಾನು ಹುಡುಗನಿದ್ದಾಗ ಮಲ್ಕಾಜ್‌ಗಿರಿಯಲ್ಲಿ ನಮ್ಮ ರೈಲ್ವೆ ಕ್ವಾರ್ಟರ್ಸಿನ ಹತ್ತಿರದ ಚರ್ಚಿನಲ್ಲಿದ್ದರು. ಮಾತು ಬೆಣ್ಣೆ, ಬರವಣಿಗೆ ಬೆಂಕಿ. ವಿಗ್ರಹಪೂಜೆಯವರು, ನಾಸ್ತಿಕರು, ಬೇರೆ ಪಂಥದ ಕ್ರೈಸ್ತರು, ಹೀಗೆ ಎಲ್ಲರನ್ನೂ ಖಂಡಿಸಿ ಕನ್ನಡದಲ್ಲಿ ಪುಸ್ತಿಕೆ ಬರೆಯುತ್ತಿದ್ದರು. ಹೈದರಾಬಾದಿನಲ್ಲಿ ಕನ್ನಡ ಓದುವವರೇ ಕಡಿಮೆ. ಓದಿ ಸಿಟ್ಟಾಗುವವರು ಇನ್ನೂ ಕಡಿಮೆ. ಹಾಗಾಗಿ ಅಚ್ಚಿಗೆ ಕೊಡುವ ಮುಂಚೆ ನಮ್ಮ ಮನೆಗೆ ಬಂದು, ಉಂಡು, ಅವ್ವನ ಮುಂದೆ ಓದುತ್ತಿದ್ದರು. ಅವ್ವ ರೊಟ್ಟಿ ಬಡಿಯುತ್ತ ಕೇಳುತ್ತಿದ್ದಳು. ಬಡಿತ ಜೋರಾದರೆ ಫಾದರಿಗೆ ಖುಷಿ, ಏಟು ತಾಗಿತು ಅಂತ.

ಒಂದು ಶುಕ್ರವಾರ ನಮ್ಮವರ ಉಪವಾಸದ ಮೇಲೆ ಬರೆದದ್ದನ್ನು ತಂದರು. ಸಾಬುದಾಣಿ ಖಿಚಡಿ, ಬಾಳೆಹಣ್ಣು, ಕೆನೆಹಾಲು... ಇದು ಉಪವಾಸವೋ ಹಬ್ಬವೋ ಎಂದು ಗೇಲಿ. ಶ್ರಾವಣ ಸೋಮವಾರ ತಪ್ಪಿಸದ ಅವ್ವನ ಕೈ ನಿಂತೇಹೋಯಿತು.

"ಈಗ ಈಸ್ಟರ್ ಮುಂಚಿನ ನಿಮ್ಮ ತಪಸ್ಸುಕಾಲ ಅಲ್ರೀ ಫಾದರ್? ಶುಕ್ರವಾರ ಮಾಂಸ ಬಿಟ್ಟೀರಿ?"

"ಬಿಟ್ಟೀನಿ, ತಾಯಿ."

"ಬಿಟ್ಟು, ಎಣ್ಣಿಗಾಯಿ ಹಚ್ಕೊಂಡು ನಾಕು ರೊಟ್ಟಿ ಹೊಡದ್ರಿ. ಇದಕ್ಕೇನಂತಾರ್ರಿ?"

ಫಾದರ್ ಹಾಳೆ ಮಡಚಿಕೊಂಡು ಹೊರಟರು. ಮುಂದಿನ ಶುಕ್ರವಾರ ಬರಲಿಲ್ಲ. ಅವ್ವ ರೊಟ್ಟಿ ಮುಚ್ಚಿಟ್ಟು ಬಾಗಿಲು ನೋಡಿದ್ದೇ ನೋಡಿದ್ದು. "ನನ್ನ ನಾಲಿಗಿ ಭಾಳ ಉದ್ದ ಆತು," ಎಂದು ಪೇಚಾಡಿಕೊಂಡಳು.

ಅದರ ಮುಂದಿನ ವಾರ ಅಚ್ಚಾದ ಪುಸ್ತಿಕೆ ಹಿಡಿದೇ ಬಂದರು. ನಮ್ಮ ಉಪವಾಸದ ಗೇಲಿಗಿಂತ ತಮ್ಮವರದೇ ಉಪವಾಸದ ಖಂಡನೆ ಉದ್ದವಾಗಿತ್ತು. ಅದರಲ್ಲಿ ಎಣ್ಣೆಗಾಯಿಯೂ ಇತ್ತು! ಚರ್ಚಿನವರು ಮುಖ ಊದಿಸಿಕೊಂಡರಂತೆ. ಅವ್ವ ಮಾತ್ರ ನಕ್ಕೂ ನಕ್ಕೂ ಸಾಕಾಗಿ ಇನ್ನೊಂದು ರೊಟ್ಟಿ ಬಡಿಸಿದಳು.

ಅವ್ವ ಈಗಿಲ್ಲ. ಫಾದರ್ ವಯಸ್ಸಾದ ಪಾದ್ರಿಗಳ ಆಶ್ರಮದಲ್ಲಿದ್ದಾರೆ. ಬರೆಯುವುದು ನಿಂತಿದೆ, ಊಟವನ್ನೂ ಬಿಟ್ಟಿದ್ದಾರೆ ಎಂದು ಅಲ್ಲಿಯವರು ಫೋನ್ ಮಾಡಿದ್ದರು. ಅದಕ್ಕೇ ಈ ಬದನೆಕಾಯಿ. ಇವತ್ತು ತಪಸ್ಸುಕಾಲದ ಶುಕ್ರವಾರ ಬೇರೆ.

ಆಶ್ರಮಕ್ಕೆ ಹೋಗಿ ಅವರ ಮುಂದೆ ಡಬ್ಬಿ ಬಿಚ್ಚಿಟ್ಟೆ. ಒಂದು ಚೂರು ರೊಟ್ಟಿ ಮುರಿದು ಸಾಕು ಅಂದರು. ನಾನು ಜನ್ಮದಲ್ಲಿ ಉಪವಾಸ ಮಾಡಿದವನಲ್ಲ, ವಾದ ಮಾಡಿದವನಂತೂ ಅಲ್ಲವೇ ಅಲ್ಲ. ಆದರೂ ಅವ್ವನ ದನಿ ತಂದುಕೊಂಡು ಕೇಳಿದೆ: "ತಪಸ್ಸುಕಾಲದಾಗ ಎಣ್ಣಿಗಾಯಿ ತಿನ್ನಾಕತ್ತೀರಲ್ರೀ ಫಾದರ್, ಇದಕ್ಕೇನಂತಾರ್ರಿ?"

ಕುರ್ಚಿಯಲ್ಲಿ ಕುಸಿದಿದ್ದವರು ನೆಟ್ಟಗಾದರು. "ಕೂಡು, ಹೇಳ್ತೀನಿ," ಎಂದು ರೊಟ್ಟಿ ಎಳೆದುಕೊಂಡರು.

ವಾದ ಮುಗಿಯುವಷ್ಟರಲ್ಲಿ ಡಬ್ಬಿ ಖಾಲಿ. ಸೋತವನು ನಾನೇ. ಬರುವ ಶುಕ್ರವಾರ ಮತ್ತೆ ಸೋಲಲು ಹೋಗುವವನಿದ್ದೇನೆ.